ಅಣ್ಣನ ಲಾರಿಗೆ ಹಾಕಿದ ಇಂಜಿನ್

ಮಾಲೂರಿನ ಕಾರ್ಖಾನೆಯಲ್ಲಿ ನಾವು ಲಾರಿಗಳ ದೊಡ್ಡ ಡೀಸೆಲ್ ಇಂಜಿನ್‌ಗಳನ್ನು ಹೊಸ ಹೊಗೆ ನಿಯಮಕ್ಕೆ ಒಗ್ಗಿಸುತ್ತಿದ್ದ ವರ್ಷಗಳವು. ಸರ್ಕಾರ ನಿಯಮ ಬಿಗಿ ಮಾಡುತ್ತಲೇ ಇತ್ತು, ನಮಗೆ ತಲೆ ಕೆಡುತ್ತಲೇ ಇತ್ತು. ವಿಷಾನಿಲ ತಗ್ಗಿಸಿದರೆ ಮಸಿ ಹೆಚ್ಚುತ್ತಿತ್ತು. ಮಸಿ ತಗ್ಗಿಸಲು ಡೀಸೆಲ್ ಕಡಿಮೆ ಬಿಟ್ಟರೆ ಇಂಜಿನ್ ಸೊರಗುತ್ತಿತ್ತು. ಅಂತೂ ಪರೀಕ್ಷಾ ಕೋಣೆಯಲ್ಲಿ ಒಂದು ಇಂಜಿನ್ ಪಾಸಾಯಿತು. ಇನ್ನು ಅದು ನಿಜವಾದ ಲಾರಿಯಲ್ಲಿ, ನಿಜವಾದ ಹೊರೆ ಹೊತ್ತು ಓಡಬೇಕಿತ್ತು.

ಲಾರಿ ಕೊಡಿಸುತ್ತೇನೆಂದು ಮುಂದೆ ಬಿದ್ದವನು ನಾನೇ. ಬೈರಕೂರಿನಲ್ಲಿದ್ದ ನನ್ನ ಅಣ್ಣ ತನ್ನ ಲಾರಿಯಲ್ಲಿ ರಾಜ್ಯದ ಗಡಿಯಾಚೆಯಿಂದ ಟೊಮೆಟೊ ತುಂಬಿಕೊಂಡು, ಘಾಟಿ ಹತ್ತಿ, ಕೋಲಾರದ ಮಂಡಿಗೆ ಹರಾಜಿನ ಹೊತ್ತಿಗೆ ಮುಟ್ಟಿಸುತ್ತಿದ್ದ. ಎಂದೂ ತಡಮಾಡದವನು ಎಂಬ ಹೆಸರೇ ಅವನ ಅನ್ನ. ಅವನು ಒಪ್ಪಿದ, ಲಾರಿಯ ಹಳೆ ಇಂಜಿನ್ ಇಳಿಸಿ ನಮ್ಮದನ್ನು ಕೂಡಿಸಿದೆವು. "ನನ್ ತಮ್ಮ ಮಾಡಿರೋ ಇಂಜಿನ್ನು" ಎಂದು ಮುಳಬಾಗಿಲಿನ ಟೀ ಅಂಗಡಿಗಳಲ್ಲೆಲ್ಲ ಹೇಳಿಕೊಂಡು ಬಂದ. ಇಂಜಿನ್‌ಗೆ ಡೀಸೆಲ್ ಬಿಡುವ ಪಂಪಿನ ತಿರುಪನ್ನು ಯಾರೂ ಮುಟ್ಟದಂತೆ ನಾವು ಸೀಸದ ಮುದ್ರೆ ಹಾಕಿ ಕಳಿಸಿದೆವು.

ವಾರ ಕಳೆಯುವಷ್ಟರಲ್ಲಿ ಅವನ ಫೋನ್ ಬಂತು.

"ಏನ್ಲಾ ಇದು, ತುಂಬು ಬಸುರಿ ಮೆಟ್ಲು ಹತ್ತಿದಂಗೆ ಏರ್ತೈತೆ! ಘಾಟೀಲಿ ಎಲ್ರೂ ನನ್ನ ದಾಟ್ಕೊಂಡು ಹೋಗ್ತಾವ್ರೆ. ಹೊಗೇನೇ ಬರಲ್ಲ, ಬಲ ಎಲ್ಲಿಂದ ಬರ್ತೈತೆ?"

"ಹೊಗೆ ಬಂದ್ರೆ ಬಲ ಅನ್ನೋದು ಸುಳ್ಳು ಕಣಣ್ಣ, ಸ್ವಲ್ಪ ತಡ್ಕೊ" ಎಂದೆ.

ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಅದೇ ನಂಬಿಕೆ, ಕರಿ ಹೊಗೆ ಕಾರಿದರೇನೇ ಗಂಡು ಇಂಜಿನ್. ನನಗೆ ರೇಗಿತ್ತು. ಆದರೆ ಅವನು ಘಾಟಿಯಲ್ಲಿ ಹಿಂದೆ ಬೀಳುತ್ತಿದ್ದದ್ದು, ಹರಾಜಿಗೆ ತಡವಾಗುತ್ತಿದ್ದದ್ದು ಸುಳ್ಳಾಗಿರಲಿಲ್ಲ.

ಇಂಜಿನ್ ತಪಾಸಣೆಗೆಂದು ನಾನೂ ನನ್ನ ಮೇಲಧಿಕಾರಿಯೂ ಮುಳಬಾಗಿಲಿನ ಹತ್ತಿರ ಜೀಪಿನಲ್ಲಿ ಕಾದಿದ್ದೆವು. ಅಣ್ಣನ ಲಾರಿ ಬಂತು, ಬೆನ್ನಿಗೆ ಕಾಡಿಗೆಯಂಥ ಹೊಗೆ. ಮೆಕ್ಯಾನಿಕ್ ಕೈಲಿ ಮುದ್ರೆ ಒಡೆಸಿ, ಡೀಸೆಲ್ ಹೆಚ್ಚಿಗೆ ಹರಿಯುವಂತೆ ತಿರುಪು ತಿರುಗಿಸಿಬಿಟ್ಟಿದ್ದ. "ಈಗ ನೋಡು, ಹೆಂಗ್ ಎಳೀತೈತೆ!" ಎಂದು ಕೆಳಗಿಳಿದವನ ಮುಖದಲ್ಲಿ ಹಬ್ಬ. ನನ್ನ ಮೇಲಧಿಕಾರಿ ಆಗಲೇ ಬಗ್ಗಿ ಒಡೆದ ಮುದ್ರೆಯನ್ನು ನೋಡುತ್ತಿದ್ದರು.

ಮುದ್ರೆ ಮುಟ್ಟಬಾರದೆಂಬ ಒಪ್ಪಂದ ಮುರಿದಿದ್ದಕ್ಕೆ ಕಾರ್ಖಾನೆಯವರು ಇಂಜಿನ್ ಬಿಚ್ಚಿಸಿದರು. ಹಳೆಯದನ್ನು ಕೂಡಿಸುವಷ್ಟರಲ್ಲಿ ಸುಗ್ಗಿ ಮುಗಿದಿತ್ತು, ವ್ಯಾಪಾರಿಗಳು ಬೇರೆ ಲಾರಿ ಹಿಡಿದಿದ್ದರು. ಅಣ್ಣ ನನ್ನೊಡನೆ ಮಾತು ಬಿಟ್ಟ. ಹಬ್ಬಕ್ಕೆ ಊರಿಗೆ ಹೋದರೆ ನನ್ನ ಪಕ್ಕದ ಎಲೆಗೆ ಕೂರುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಬೈದರು. ಅವನು ತಿರುಪು ಮುಟ್ಟಿದ್ದಾದರೂ ಯಾಕೆ ಎಂದು ನಾನು ಪಟ್ಟು ಹಿಡಿದು ಕೇಳಿದೆ. ಕೊನೆಗೆ ಅವನ ಘಾಟಿಯನ್ನೇ ಲೆಕ್ಕಕ್ಕೆ ಇಟ್ಟುಕೊಂಡು, ಹೆಚ್ಚು ಗಾಳಿ ಊದುವ ಬೇರೆ ಟರ್ಬೊ ಕೂಡಿಸಿದೆವು. ಇಂಜಿನ್‌ಗೆ ಉಸಿರು ಬಂತು, ಮಸಿಯೂ ತಗ್ಗಿತು.

ಕೆಲವು ವರ್ಷಗಳ ಮೇಲೆ ಅಣ್ಣ ಕೊಂಡ ಹೊಸ ಲಾರಿಯಲ್ಲಿ ಇದ್ದದ್ದು ಅದೇ ಇಂಜಿನ್. ಅಮ್ಮನ ಬಲವಂತಕ್ಕೆ ಒಮ್ಮೆ ಅವನ ಪಕ್ಕ ಕೂತು ಘಾಟಿ ಹತ್ತಿದೆ. ತುಂಬಿದ ಲಾರಿ ಎಲ್ಲೂ ಮುಗ್ಗರಿಸದೆ ಏರಿತು. ಮೇಲೆ ನಿಲ್ಲಿಸಿ ಇಳಿದವನೇ, ಹೆಗಲ ಬಿಳಿ ಟವೆಲನ್ನು ಹೊಗೆ ಕೊಳವೆಗೆ ಹಿಡಿದು ನೋಡಿದ. ತೆಳ್ಳಗೆ ಒಂದು ಕಲೆ, ಅಷ್ಟೇ.

"ಆವತ್ತೇ ಹಿಂಗ್ ಏರಿದ್ದಿದ್ರೆ," ಎಂದ ನನ್ನ ಮುಖ ನೋಡದೆ, "ನಾನ್ಯಾಕೋ ಆ ತಿರುಪು ಮುಟ್ತಿದ್ದೆ?"