ಚೀಟಿಯ ಮೇಲೆ ರುದ್ರೇಶನ ಸಾಲು

ಪೀಣ್ಯ ಎರಡನೇ ಹಂತದಲ್ಲಿ ತಗಡು ಒತ್ತುವ ಶೆಡ್ಡುಗಳ ಓಣಿಯೊಂದಿತ್ತು. ಆ ಓಣಿಯಲ್ಲಿ ರುದ್ರೇಶನ ಕಿವಿಗೆ ದೊಡ್ಡ ಹೆಸರು. ಹದಿನಾಲ್ಕು ಪವರ್ ಪ್ರೆಸ್ಸುಗಳು ಒಟ್ಟಿಗೆ ಧಡಧಡ ಬಡಿಯುತ್ತಿದ್ದರೂ ಯಾವುದರ ಅಚ್ಚು ಸೀಳುಬಿಟ್ಟಿದೆ ಎಂದು ನಿಂತಲ್ಲೇ ಹೇಳಿಬಿಡುತ್ತಿದ್ದ. "ಏಳನೇದು ನಿಲ್ಸಿ" ಎಂದರೆ ಏಳನೆಯದು ನಿಲ್ಲಬೇಕು. ಬಿಚ್ಚಿ ನೋಡಿದರೆ ಕೂದಲೆಳೆಯಷ್ಟು ಬಿರುಕು ಇದ್ದೇ ಇರುತ್ತಿತ್ತು. ಮಿಕ್ಕವರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ದುಡಿದರೆ ಇವನೊಬ್ಬ ಬರೀ ಕಿವಿಯಲ್ಲಿ ಓಡಾಡುತ್ತಿದ್ದ. ಹತ್ತಿ ಇಟ್ಟರೆ ಅಚ್ಚಿನ ಸದ್ದು ಸಿಗುವುದಿಲ್ಲವಲ್ಲ! ಹಾಗೇ ಎಂಟು ವರ್ಷ ಕಳೆದ.

ಆ ಕಿವಿಗೆ ಇನ್ನೊಂದು ಕಡೆಯೂ ಮರ್ಯಾದೆ ಇತ್ತು. ದಾಸರಹಳ್ಳಿಯ ಒಂದು ಮಹಡಿ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಮೂವರು ಸೇರುತ್ತಿದ್ದರು. ಕೋಣೆ ಈರೇಶನದು. ಡಿಪ್ಲೊಮಾ ಓದಿ ನಕ್ಷೆ ಬರೆಯುವ ಕೆಲಸಕ್ಕಿದ್ದವನು. ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇದ್ದದ್ದು ಅವನೊಬ್ಬನ ಹತ್ತಿರ. ಇನ್ನೊಬ್ಬ ಮುತ್ತು, ಗದಗಿನ ಕಡೆಯವನು, ಇಲ್ಲಿ ತಾಯಿಯ ಜೊತೆ ಇದ್ದ. ಬೋಲ್ಟುಗಳನ್ನು ನಿಕ್ಕಲ್ ದ್ರಾವಣದಲ್ಲಿ ಅದ್ದಿ ಹೊಳಪು ಕೊಡುವ ಶೆಡ್ಡಿನಲ್ಲಿ ದುಡಿದು ದುಡಿದು ಅವನ ಉಗುರೆಲ್ಲ ಹಸಿರಾಗಿದ್ದವು. ಮೂವರಿಗೂ ಮೆಟಲ್ ಸಂಗೀತದ ಹುಚ್ಚು. ಗಿಟಾರು ಉರಿಯಬೇಕು, ಡ್ರಮ್ಮು ಎದೆಗೆ ಗುದ್ದಬೇಕು, ಹಾಡುವವನು ಹೊಟ್ಟೆಯ ತಳದಿಂದ ಗುಡುಗಬೇಕು.

ರುದ್ರೇಶ ಬಾಡಿಗೆಗಿದ್ದ ವಠಾರದ ಚನ್ನಬಸಮ್ಮ ಒಮ್ಮೆ ಕೇಳಿದ್ದರು, "ಏನಪ್ಪಾ, ಫ್ಯಾಕ್ಟ್ರೀಲಿ ಬಡಿಸ್ಕೊಂಡಿದ್ದು ಸಾಲ್ದು ಅಂತ ಮನೇಗೂ ತಂದ್ಯಾ?"

"ಅಲ್ಲಿ ಸದ್ದು ನನ್ನ ಬಡಿಯುತ್ತೆ ಅಮ್ಮಾ. ಇಲ್ಲಿ ನನ್ ಪರವಾಗಿ ಬಡಿಯುತ್ತೆ" ಅಂದಿದ್ದ.

ಆ ಮೂವರದೊಂದು ಪದ್ಧತಿ. ಕ್ಯಾಸೆಟ್ ಕೈಯಿಂದ ಕೈಗೆ ಹೋಗುವಾಗ ಡಬ್ಬಿಯೊಳಗೆ ಮಡಿಚಿದ ಚೀಟಿಯೂ ಹೋಗಬೇಕು. ಕೇಳಿದವನು ತಾನು ಈ ವಾರ ಏನು ಕೇಳಿದೆ, ಯಾವ ಹಾಡಿನ ಯಾವ ಜಾಗ ಹಿಡಿಸಿತು ಎಂದು ಬರೆದು, ಕೆಳಗೆ "ಕೇಳಿದೆ" ಎಂದು ರುಜು ಹಾಕಬೇಕು. ಹಿಂದಿನವನು ಬರೆದದ್ದನ್ನೇ ಬರೆಯುವಂತಿಲ್ಲ. ರುದ್ರೇಶನ ಸಾಲಿಗೆ ಉಳಿದಿಬ್ಬರೂ ಕಾಯುತ್ತಿದ್ದರು. ತಂತಿಯ ಮೇಲೆ ಬೆರಳು ಜಾರಿದ್ದು, ಹಾಡುಗಾರ ಗುಡುಗುವ ಮುಂಚೆ ಉಸಿರೆಳೆದದ್ದು, ಇಂಥವೆಲ್ಲ ಅವನಿಗೇ ಸಿಗುತ್ತಿದ್ದವು. ಅದನ್ನು ಓದಿಕೊಂಡು ಅವರು ಮತ್ತೆ ಹಾಕಿ ಕೇಳುವರು. ಊರುಬಿಟ್ಟು ಬಂದ ಮೇಲೆ ಅವನಿಗೆ ತನ್ನದು ಅಂತ ಇದ್ದದ್ದು ಆ ಚೀಟಿಯ ಮೇಲಿನ ಜಾಗವೊಂದೇ.

ತೊಂಬತ್ತಾರರ ಬೇಸಿಗೆಯಲ್ಲಿ ಮೊದಲು ಡ್ರಮ್ಮಿನ ಜೊತೆ ಬಡಿಯುವ ಕಂಚಿನ ತಟ್ಟೆ, ಆ ಸಿಂಬಲ್ಲಿನ ಕಿಣಿಕಿಣಿ ಹೋಯಿತು. ಕ್ಯಾಸೆಟ್ ಸವೆದಿದೆ ಅಂದುಕೊಂಡ. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಈರೇಶನ ಕೋಣೆಯಲ್ಲಿ ಕಾಪಿ ಮಾಡುತ್ತಿದ್ದ ಮುತ್ತುವಿನ ಮೇಲೆ, ಸರಿ ಮಾಡಿಲ್ಲ ಎಂದು ಹಾರಾಡಿದ. ಆಮೇಲೆ ಗಿಟಾರಿನ ಮೇಲಿನ ತಂತಿಗಳು ಹೋದವು. ಗುಬ್ಬಿ ಕೂಗು, ಸೈಕಲ್ ಬೆಲ್ಲು ಹೋದವು. ಕೊನೆಗೆ ಮನುಷ್ಯರ ಮಾತು ಗೋಡೆಯಾಚೆಯ ಗೊಣಗಾಟವಾಗಿ, ಅದೂ ನಿಂತಿತು. ರಾತ್ರಿಹಗಲೂ ಒಳಗೊಂದು ಸೀಟಿ ಮಾತ್ರ ನಿಲ್ಲದೆ ಕೂಗುತ್ತಿತ್ತು. ಒಂದು ದಿನ ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದ. ನರ ಸತ್ತಿದೆ, ಹೋದದ್ದು ಬರುವುದಿಲ್ಲ ಎಂದು ಅವರು ಕಾಗದದ ಮೇಲೆ ಬರೆದು ತೋರಿಸಿದರು.

ಮುಚ್ಚಿಡುವುದು ಕಷ್ಟವಾಗಲಿಲ್ಲ. ಪ್ರೆಸ್ಸಿನವರು ಗದ್ದಲದಲ್ಲಿ ತುಟಿ ನೋಡಿಯೇ ಮಾತಾಡುವವರು. ಅಚ್ಚಿನ ಬಿರುಕನ್ನು ಈಗ ಪ್ರೆಸ್ಸಿನ ಮೇಲೆ ಅಂಗೈ ಊರಿ, ಅದು ಅದುರುವುದರಲ್ಲಿ ಹುಡುಕುತ್ತಿದ್ದ. ಭಾನುವಾರದ್ದೇ ಭಯ. ತುಟಿ ನೋಡಿ ಮಾತು ಹಿಡಿಯಬಹುದು, ಹಾಡು ಹಿಡಿಯುವುದು ಹೇಗೆ? ಗೊತ್ತಾದರೆ ಪಾಪ ಅನ್ನುತ್ತಾರೆ, ಆಮೇಲೆ ಚೀಟಿ ತನ್ನ ಕೈಗೆ ಬರುವುದಿಲ್ಲ. ಮನೆಯಲ್ಲಿ ಟೇಪ್ ಹಾಕುವುದನ್ನೇ ಬಿಟ್ಟ. ಹಾಕಿದರೆ ಕೇಳದೆ ಹೋದದ್ದೇ ಎದ್ದು ಕಾಣುತ್ತಿತ್ತು. ಅವರಿಬ್ಬರು ಬರೆದದ್ದನ್ನು ಓದಿ, ಅದರ ಪಕ್ಕದಲ್ಲಿ ಏನು ಇದ್ದಿರಬಹುದು ಎಂದು ಊಹಿಸಿ ತನ್ನ ಸಾಲು ಬರೆಯತೊಡಗಿದ. ಎಂಟು ವರ್ಷ ಕೇಳಿದವನ ಊಹೆ. ನಾಲ್ಕು ತಿಂಗಳು ನಡೆಯಿತು.

ಮರುವರ್ಷ ಶ್ರಾವಣದ ಒಂದು ಭಾನುವಾರ. ಈರೇಶ ಕೈಯಲ್ಲಿ ಚೀಟಿ ಹಿಡಿದು ಕುಣಿಯುತ್ತಿದ್ದ.

"ಮಗಾ, ಏನ್ ಬರ್ದಿದೀಯೋ! 'ಎರಡನೇ ಬದಿ, ಮೂರನೇ ಹಾಡು. ಗಿಟಾರು ಒಂಟಿಯಾದಾಗ ಹಿಂದೆ ಸಿಂಬಲ್ ಮೇಲೆ ಹನಿ ತೊಟ್ಟಿಕ್ಕಿದ ಹಾಗೆ.' ನಂಗ್ಯಾಕೋ ಕೇಳಿಸ್ಲಿಲ್ಲ?"

"ನಿನ್ನ ಕಿವ್ಯಾಗ ಗುಗ್ಗಿ ತುಂಬೇತಿ, ಹಂಗಾಗಿ" ಅಂದ ಮುತ್ತು. "ಹಾಕಲೇ, ಕೇಳೂಣು."

ರುದ್ರೇಶ ಎಂದಿನಂತೆ ಕಿಟಕಿಯ ಕಡೆ ಮುಖ ಮಾಡಿ ಕೂತ. ಈರೇಶ ಗುಂಡಿ ಒತ್ತಿದ್ದನ್ನು ಓರೆಗಣ್ಣಲ್ಲಿ ನೋಡಿ, ಕಣ್ಣು ಮುಚ್ಚಿದ. ಈಗ ಮೊದಲಾಗಿರುತ್ತದೆ ಎಂದು ಎಣಿಸಿ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕಿಕೊಂಡು ಮೆಲ್ಲಗೆ ತಲೆದೂಗತೊಡಗಿದ.

ಟೇಪಿನಿಂದ ಮೊದಲು ಬಂದದ್ದು ಕುಕ್ಕರಿನ ಸೀಟಿ. ಹಿಂದೆಯೇ ಮುತ್ತುವಿನ ತಾಯಿ ಶೇಖವ್ವನ ಗಂಟಲು: "ಅಕ್ಕಿ ತಾ ಅಂತ ಕಳಿಸಿ ತಾಸಾತು. ಎಲ್ಲಿ ಹಾಳಾಗಿ ಹೋಗ್ಯಾನೋ ಮೂಳ! ಬರ್ಲಿ, ಈ ಡಬ್ಬಿ ತಗೊಂಡು ತಿಪ್ಪಿಗೆ ಒಗೀತೀನಿ."

ಹೊಸ ಕಾಪಿ ಮಾಡಿದ ಕೂಡಲೇ ಕ್ಯಾಸೆಟ್ಟಿನ ಬೆನ್ನ ಮೇಲೆ ಬದಿಗೊಂದರಂತೆ ಇರುವ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಬೇಕು, ಇಲ್ಲವಾದರೆ ಅದರ ಮೇಲೆ ಬೇರೇನಾದರೂ ಧ್ವನಿ ಮುದ್ರಣವಾದೀತು. ಮುತ್ತು ಒಂದನ್ನು ಮುರಿದು ಇನ್ನೊಂದನ್ನು ಮರೆತಿದ್ದ. ಇಬ್ಬರೂ ಕೇಳಿ ಮುಗಿಸಿದ ಮೇಲೆ, ಕ್ಯಾಸೆಟ್ಟು ರುದ್ರೇಶನ ಕೈಗೆ ಹೋಗುವ ಮುಂಚೆ, ಶೇಖವ್ವ ಧೂಳು ಹೊಡೆಯುವಾಗ ಮನೆಯ ಟೇಪಿನ ಗುಂಡಿಗಳ ಮೇಲೆ ಕೈ ಊರಿದ್ದಳು. ಎರಡನೇ ಬದಿಯ ಹಾಡುಗಳೆಲ್ಲ ಹೋಗಿ ಅವಳ ಅಡುಗೆಮನೆ ತುಂಬಿಕೊಂಡಿತ್ತು.

ಈರೇಶ ನೆಲಕ್ಕೆ ಬಿದ್ದು ನಗುತ್ತಿದ್ದ. "ಯವ್ವಾ ನಮ್ಮವ್ವ!" ಎಂದು ಮುತ್ತು ಹೊಟ್ಟೆ ಹಿಡಿದುಕೊಂಡ. ಆಮೇಲೆ ಇಬ್ಬರೂ ರುದ್ರೇಶನ ಕಡೆ ತಿರುಗಿದರು. ಶೇಖವ್ವ ಬೈಯುತ್ತಲೇ ಇದ್ದಳು. ಅವನು ಭಕ್ತಿಯಿಂದ ತಲೆದೂಗುತ್ತಲೇ ಇದ್ದ.

ಮುಖಕ್ಕೆ ನೆರಳು ಬಿದ್ದಂತಾಗಿ ಕಣ್ಣು ಬಿಟ್ಟ. ಎದುರಿಗೆ ಮುತ್ತು ಕೂತಿದ್ದ. ಅವನ ತುಟಿಗಳು ನಿಧಾನವಾಗಿ ಆಡಿದವು: "ಯಾವಾಗಿಂದ?"

ರುದ್ರೇಶ ಟೇಪಿನ ಕಡೆ ನೋಡಿದ. ಚಕ್ರ ತಿರುಗುತ್ತಿತ್ತು. "ಏನ್ ಬರ್ತಿದೆ ಅದ್ರಲ್ಲಿ?" ಎಂದು ಕೇಳಿದ. ತನ್ನ ದನಿ ಎಷ್ಟು ಜೋರಾಗಿತ್ತೋ ಅವನಿಗೆ ತಿಳಿಯಲಿಲ್ಲ.

"ನಮ್ಮವ್ವ" ಅಂದವು ಮುತ್ತುವಿನ ತುಟಿಗಳು.

ಯಾರೂ ನಗಲಿಲ್ಲ. ರುದ್ರೇಶ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಹಿಂದಿನಿಂದ ಕೂಗಿದರೋ ಇಲ್ಲವೋ, ಅವನಿಗೆ ಗೊತ್ತಿಲ್ಲ.

ಸೋಮವಾರ ಕೆಲಸ ಶುರುವಾಗುವ ಮುಂಚೆ, ಬಾಗಿಲ ಹತ್ತಿರದ ಮೂಟೆಯಿಂದ ಹತ್ತಿ ಕಿತ್ತು ಎರಡೂ ಕಿವಿಗೆ ತುರುಕಿಕೊಂಡ. ಮೇಸ್ತ್ರಿ ರಾಮಯ್ಯ ದಿಟ್ಟಿಸಿ ನೋಡಿ, "ಇದೇನೋ ಹೊಸ್ದು? ಅಚ್ಚು ಯಾರೋ ನೋಡೋರು?" ಎಂದ.

"ಬೇರೆಯವ್ರನ್ನ ನೋಡ್ಕೊಳಿ ಅಣ್ಣ."

ಅಂದಿನಿಂದ ಅವನಿಗೆ ಒತ್ತಿದ ತಗಡು ಜೋಡಿಸಿ ಪೆಟ್ಟಿಗೆ ಕಟ್ಟುವ ಕೆಲಸ. ಮುಂದಿನ ಭಾನುವಾರ ದಾಸರಹಳ್ಳಿಗೆ ಹೋಗಲಿಲ್ಲ, ಅದರ ಮುಂದಿನದಕ್ಕೂ ಹೋಗಲಿಲ್ಲ. ಇದ್ದ ಕ್ಯಾಸೆಟ್ಟುಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದ. ವಠಾರ ತಿಂಗಳುಗಳಿಂದಲೇ ತಣ್ಣಗಿತ್ತು. ಚನ್ನಬಸಮ್ಮನಿಗೇ ಆ ಮೌನ ಸಹಿಸಲಾಗದೆ, "ಹಾಕೋ ಒಂದ್ಸಲ, ಬೈಯಲ್ಲ" ಎಂದು ಎದುರು ನಿಂತು ಹೇಳಿದರು. ಅವನು ಸುಮ್ಮನೆ ನಕ್ಕ.

ಮೂರನೇ ಭಾನುವಾರ ಮುತ್ತು ಬಂದ. ಒಂದು ಕ್ಯಾಸೆಟ್ ಡಬ್ಬಿಯನ್ನು ರುದ್ರೇಶನ ಮಡಿಲಿಗೆ ಹಾಕಿ ಹೊಸ್ತಿಲ ಮೇಲೆ ಕೂತ. ಡಬ್ಬಿ ಮುಚ್ಚಳ ಹಾಕಲಾಗದಷ್ಟು ಉಬ್ಬಿತ್ತು. ಒಳಗಿನ ಚೀಟಿ ಒಂದಲ್ಲ, ಒಂಬತ್ತು ಹಾಳೆ. ಒಂದು ಹಾಡಿಗೆ ಒಂದು ಹಾಳೆ. ಒಂದು ಸಾಲು ಈರೇಶನದು, ಒಂದು ಸಾಲು ಮುತ್ತುವಿನ ಸೊಟ್ಟ ಅಕ್ಷರದ್ದು. ಎಲ್ಲಿ ಡ್ರಮ್ಮು ನಿಂತಿತು, ಎಲ್ಲಿ ಬೆರಳು ಜಾರಿತು, ಎಲ್ಲಿ ಹಾಡುಗಾರ ಉಸಿರೆಳೆದ, ಎಲ್ಲ ಬರೆದಿದ್ದರು. ಐದನೇ ಹಾಳೆಯಲ್ಲಿ ಮುತ್ತು ಹೀಗೆ ಬರೆದಿದ್ದ: "ಇಲ್ಲೊಂದು ಸದ್ದು ಐತಿ. ಏನಂತ ನಮಗ ತಿಳೀವಲ್ದು. ನೀ ಇದ್ದಿದ್ರ ಹೇಳ್ತಿದ್ದಿ."

ರುದ್ರೇಶ ಕೂತಲ್ಲೇ ಒಂಬತ್ತೂ ಹಾಳೆ ಓದಿದ. ಐದನೆಯದನ್ನು ಎರಡು ಸಲ ಓದಿದ. ಬರೆಯಲು ಏನಾದರೂ ಹೊಳೆದೀತೇ ಎಂದು ಬಹಳ ಹೊತ್ತು ಕಾದ. ಊಹಿಸಿದರೆ ಹೊಳೆಯುತ್ತಿತ್ತು, ಊಹಿಸಲಿಲ್ಲ. ಕೊನೆಯ ಹಾಳೆಯ ಕೆಳಗೆ ತನಗೆಂದು ಬಿಟ್ಟಿದ್ದ ಜಾಗದಲ್ಲಿ ಒಂದೇ ಮಾತು ಬರೆದು ರುಜು ಹಾಕಿ, ಡಬ್ಬಿಯನ್ನು ಮುತ್ತುವಿನ ಕೈಗೆ ಕೊಟ್ಟ.

"ಓದಿದೆ" ಎಂದಿತ್ತು ಅದರಲ್ಲಿ.