ಬಾವಿಗೋಡೆಯ ಜರಿಗಿಡ

ಶಿಗ್ಗಾವಿಯಲ್ಲಿ ಅಣ್ಣ ಕಟ್ಟಿಸಿದ ಹೊಸ ಮನೆಗೆ ಹೋದಾಗ, ಅತ್ತಿಗೆ ಪಿಂಗಾಣಿ ಕುಂಡದ ಜರಿಗಿಡಕ್ಕೆ ಬಾಟಲಿಯಿಂದ ಪುಸ್ ಪುಸ್ ಎಂದು ನೀರು ಸಿಂಪಡಿಸುತ್ತಿದ್ದಳು. ಒದ್ದೆ ಮಣ್ಣಿನ ವಾಸನೆ ಬಂತು. ಹಾನಗಲ್ಲಿನ ಹಳೆಯ ಮನೆಯ ಹಿತ್ತಲ ಬಾವಿ ಕಣ್ಣೆದುರು ನಿಂತಿತು. ಈ ಕುಂಡದ ಗಿಡಕ್ಕೆ ಬಿಸಿಲು ತಾಗಬಾರದು, ಫ್ಯಾನಿನ ಗಾಳಿ ಬಡಿಯಬಾರದು, ನೀರು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡೂ ಅದು ತುದಿ ಕಂದಿಸಿಕೊಂಡು, ಮುನಿದ ಅಳಿಯನ ಹಾಗೆ ಮೂಲೆಯಲ್ಲಿ ನಿಂತಿತ್ತು. "ದಿನಾ ಅದರ ಜೋಡಿ ಮಾತಾಡಬೇಕಂತ," ಎಂದ ಅಣ್ಣ. ಮನುಷ್ಯರ ಜೊತೆ ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ನಮ್ಮ ಬಾವಿಯ ಒಳಗೋಡೆಯಲ್ಲಿ ಇದೇ ಜರಿ, ಕಪ್ಪು ಕೂದಲೆಳೆಯಂಥ ದಂಟು, ಎಳೆಹಸಿರು ಎಲೆ, ಯಾರೂ ನೆಡದೆ, ಯಾರೂ ಮುದ್ದಿಸದೆ ತಾನಾಗಿ ತುಂಬಿಕೊಂಡಿತ್ತು. ಕಲ್ಲುಸಂದಿಯಲ್ಲಿ ಒರತೆ ಜಿನುಗಿದಲ್ಲೆಲ್ಲ ಅದರ ಸಂಸಾರ. ಅಪ್ಪನ ಅಕ್ಕ, ನಮ್ಮೆಲ್ಲರ ಅತ್ಯಾ, ಗಂಡ ಹೋದ ಮೇಲೆ ನಮ್ಮಲ್ಲೇ ಇದ್ದಳು. ನಸುಕಿನಲ್ಲಿ ಅವಳು ಮಡಿಯುಟ್ಟು ಸೇದುವ ಕೊಡ ಎಲೆಗಳಿಗೆ ತಾಕಿ ಹನಿ ಉದುರುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಮನೆಗೆ ನಳ ಬಂದಿತ್ತು. "ನಳದಾಗ ತೊಗಲಿನ ವಾಶರ್ ಇರ್ತದ. ಆ ನೀರು ನನಗ ಬ್ಯಾಡ," ಎಂದು ಅತ್ಯಾ ಕುಡಿಯಲಿಕ್ಕೂ ಅಡಿಗೆಗೂ ಬಾವಿಯನ್ನೇ ನಂಬಿದ್ದಳು.

ಅಣ್ಣ ನನಗಿಂತ ಬಹಳ ದೊಡ್ಡವನು. ಅವನ ಮದುವೆ ಗೊತ್ತಾಯಿತು. ಸವಣೂರಿನ ಬೀಗರು ಬಲು ಮಡಿವಂತರು.

"ಬಾವಿ ತುಂಬ ಕಸ ಬೆಳದದ. ಇದು ಮಡಿನೀರು ಅಂದ್ರ ಅವರು ನಗ್ತಾರ," ಎಂದ ಅಣ್ಣ.

"ಅವಕ್ಕ ಕೈ ಹಚ್ಚಬ್ಯಾಡೋ. ಅವು ಇದ್ದಲ್ಲೇ ನೀರು ಅದ," ಎಂದಳು ಅತ್ಯಾ.

ಕೇಳುವ ಕಿವಿ ಯಾರಿಗಿತ್ತು? ಗವಂಡಿಯನ್ನು ಕರೆಸಿ, ಜರಿಯನ್ನೆಲ್ಲ ಕೀಳಿಸಿ, ಒರತೆಯ ಸಂದಿಗಳೂ ಮುಚ್ಚುವಂತೆ ಗೋಡೆಗೆ ಸಿಮೆಂಟು ಮೆತ್ತಿಸಿದ ನಮ್ಮ ಘನಪಂಡಿತ. ಬೀಗರು ಇಣುಕಿ ನೋಡಿ ಮೆಚ್ಚಿದರು. ಮುಂದಿನ ಬೇಸಿಗೆಗೆ ಬಾವಿ ತಳ ಕಂಡಿತು. ಮಡಿ ಉಳಿಯಿತು, ನೀರು ಹೋಯಿತು. ನಿಮ್ಮ ಮನೆಯ ಬಾವಿಯನ್ನೂ ಇಂಥ ಜಾಣರೇ ಕೆಡಿಸಿರಬಹುದು.

ಹಿರೇಕೆರೂರಿನಲ್ಲಿ ಅತ್ಯಾನ ತಂಗಿಯ ಮನೆಯಲ್ಲಿ ಬಾವಿ ಇತ್ತು. ಅತ್ಯಾ ತನ್ನ ಗಂಟು ಕಟ್ಟಿಕೊಂಡು ಅಲ್ಲಿಗೆ ಬಸ್ಸು ಹತ್ತಿದಳು. ಮಳೆಗಾಲ ಮುಗಿದ ಮೇಲೆ ಅವಳನ್ನು ಕರೆತರಲು ಅಪ್ಪನ ಜೊತೆ ನಾನೂ ಹೋದೆ.

"ಬಾವ್ಯಾಗ ನೀರು ಬಂತೇನು?" ಎಂದು ಕೇಳಿದಳು.

ಅಪ್ಪ ಇಲ್ಲವೆಂದು ತಲೆಯಾಡಿಸಿದ. ಅತ್ಯಾ ನಮಗೆ ಎಲೆ ಹಾಕಿ ಬಡಿಸಿದಳು. ಲೋಟಕ್ಕೆ ನೀರು ಹಾಕುತ್ತ, "ಇನ್ನ ನೀವ ಬರ್ರಿ, ಆಗಾಗ," ಎಂದಳು. ಅವಳು ಇದ್ದಷ್ಟು ದಿನ ನಾವೇ ಹೋಗುತ್ತಿದ್ದೆವು. ಹಾನಗಲ್ಲಿನ ಮನೆಯಲ್ಲಿ ಅವಳು ಮತ್ತೆಂದೂ ಉಣ್ಣಲಿಲ್ಲ.