ಜೋಳದ ಕಾಳಿನಷ್ಟು ದೂರ

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿತ್ತು. ಕ್ಯಾನ್ಸರ್ ಗಡ್ಡೆ ತೆಗೆದ ನನ್ನ ಎಡ ಎದೆಯ ಮೇಲೆ, ಕಿರಣ ಎಲ್ಲಿ ಬೀಳಬೇಕೆಂದು ಅವರು ಗೆರೆ ಎಳೆಯುತ್ತಿದ್ದ ಶಾಯಿ ಅದು. ಆಸ್ಪತ್ರೆಯಲ್ಲಿ ಕಿರಣದ ಯಂತ್ರ ನಡೆಸುತ್ತಿದ್ದವರು ಅವರು. ಝಳಕಿ ಕಡೆಯವರು; ನಾನು ಬಾಗೇವಾಡಿಯ ಸೊಸೆ. ಒಂದೇ ಸೀಮೆಯವರೆಂದು ಅವರನ್ನು ಅಣ್ಣಾರ ಎನ್ನುತ್ತಿದ್ದೆ. ಮಧ್ಯಾಹ್ನ ಯಂತ್ರದ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕುಳಿತು ಖಾನಾವಳಿಯ ಡಬ್ಬಿ ಬಿಚ್ಚಿ ಒಬ್ಬರೇ ಉಣ್ಣುತ್ತಿದ್ದರು.

ನನ್ನನ್ನು ಮಲಗಿಸಿ, ಗೆರೆಗೆ ಬೆಳಕು ಹೊಂದಿಸಿ ಹೊರಗೆ ಹೋಗುವರು. ದಪ್ಪ ಬಾಗಿಲು ಮುಚ್ಚಿದ ಮೇಲೆ ನಾನೊಬ್ಬಳೇ. ಆಗ ಗೋಡೆಯ ಸ್ಪೀಕರಿನಿಂದ ಅವರ ದನಿ: “ನಾ ಇಲ್ಲೇ ಅದೀನ್ರಿ ಅಕ್ಕಾರ. ಉಸಿರು ಹಿಡೀಬ್ಯಾಡ್ರಿ.” ಯಜಮಾನರನ್ನು ಬಿಟ್ಟು ಮನೆಯಲ್ಲಿ ಯಾರಿಗೂ ನನ್ನ ಕಾಯಿಲೆ ಗೊತ್ತಿರಲಿಲ್ಲ. ಯಜಮಾನರೂ ಅದರ ಹೆಸರು ಬಾಯಿಗೆ ತರುತ್ತಿರಲಿಲ್ಲ.

ಪಂಚಮಿಗೆ ಮಗಳನ್ನು ಕರೆದುಕೊಂಡು ಊರಿಗೆ ಹೋದಾಗ ಅತ್ತೆ ಎಣ್ಣೆ ಬಟ್ಟಲು ಕೈಗಿಟ್ಟರು. “ಹಬ್ಬದ ದಿನ ಎರಕೊಳ್ಳದ ಕುಂದ್ರತಾರೇನವ್ವಾ?” ಗೆರೆ ಅಳಿಸಬಾರದೆಂಬ ಕಾರಣ ಹೇಳಲಾರದೆ ತಲೆಗೆ ಎರೆದುಕೊಂಡೆ. ಸೀಗೆಪುಡಿಗೆ ಗೆರೆಗಳೆಲ್ಲ ತೊಳೆದುಹೋದವು. ಗಾಬರಿಯಾಗಿ ಮಗಳ ಸ್ಕೆಚ್ ಪೆನ್ನು, ಸ್ಕೇಲು ತಂದು, ಕನ್ನಡಿ ಮುಂದೆ ನಿಂತು, ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ಕಲಿಸಿದಷ್ಟು ನೇರವಾಗಿ ನಾನೇ ಎಳೆದುಕೊಂಡೆ.

ಮರುದಿನ ಆಸ್ಪತ್ರೆಯಲ್ಲಿ ಅಣ್ಣಾರು ಗೆರೆ ನೋಡುತ್ತ ನಿಂತರು. ನನ್ನ ಕೆಳಗೆ ಫಿಲ್ಮ್ ಇಟ್ಟು ಚಿತ್ರ ತೆಗೆದರು. ಅದನ್ನು ತೊಳೆದು ತಂದು, ಮೊದಲ ದಿನದ ಚಿತ್ರದ ಪಕ್ಕಕ್ಕೆ ದೀಪದ ಮುಂದೆ ಹಿಡಿದು, ಎಲುಬಿಗೆ ಎಲುಬು ಹೊಂದಿಸಿ ನೋಡಿದರು. ಆಮೇಲೆ ನನ್ನನ್ನು ಕರೆದರು.

“ರಂಗೋಲಿ ಚಂದ ಹಾಕೀರಿ ಅಕ್ಕಾರ. ಆದ್ರ ಮಂದಿ ಮನಿ ಬಾಗಲಿಗೆ ಹಾಕೀರಿ.”

ನಾನು ಅತ್ತುಬಿಟ್ಟೆ. ನೇರಳೆ ಉಗುರು ಚಿತ್ರದ ಮೇಲೆ ಒಂದು ನೆರಳನ್ನು ತೋರಿಸಿತು. “ಇದು ನಿಮ್ಮ ಹೃದಯರಿ. ಜ್ವಾಳದ ಕಾಳಿನಷ್ಟು ಸರಿದ್ರೂ ಗಡ್ಡಿ ಇದ್ದ ಜಾಗಾ ತಪ್ಪಿ ಇದಕ್ಕ ಬೀಳತೈತಿ. ಅಳಿಸಿದ್ರ ಅಳಿಸೇತಿ ಅನ್ರಿ. ನಾ ಏನು ಬೈತೇನೇನು?”

“ಮನ್ಯಾಗ ಯಾರಿಗೂ ಹೇಳಿಲ್ರಿ ಅಣ್ಣಾರ.”

ಅವರು ಫಿಲ್ಮನ್ನು ಕವರಿಗೆ ಹಾಕುತ್ತ ಹೇಳಿದರು: “ಗ್ವಾಡಿ ಆಚೆ ಕುಂತು ನಾ ಎಷ್ಟಂತ ‘ಇಲ್ಲೇ ಅದೀನಿ’ ಅನ್ಲಿ? ಮನ್ಯಾಗೂ ಒಬ್ಬರು ಬೇಕ್ರಿ.”

ಅಂದೇ ಡಾಕ್ಟರರನ್ನು ಕೇಳಿ ಮತ್ತೆ ಅಳತೆ ತೆಗೆದು, ಗೆರೆಯ ಬದಲು ಹಚ್ಚೆಯ ಮೂರು ಚುಕ್ಕೆ ಹಾಕಿದರು. ಆ ವಾರ ಊರಿಗೆ ಹೋಗಿ ಅವನ್ನು ಅತ್ತೆಗೆ ತೋರಿಸಿದೆ. ಕಾಯಿಲೆಯ ಹೆಸರನ್ನೂ ಹೇಳಿದೆ. ಸೋಮವಾರ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಅವರೂ ಕುಳಿತಿದ್ದರು, ಮಡಿಲಲ್ಲಿ ರೊಟ್ಟಿಯ ಗಂಟು, ಅಣ್ಣಾರಿಗೂ ಎರಡು ಸೇರಿಸಿ.

ಕೆಲವು ವರ್ಷಗಳ ಮೇಲೆ ತಪಾಸಣೆಗೆ ಹೋದಾಗ ಹೊಸ ಯಂತ್ರ ಬಂದಿತ್ತು. ಪ್ರತಿ ಸಲವೂ ಕಿರಣ ಬಿಡುವ ಮೊದಲು ಅದರಲ್ಲೇ ಚಿತ್ರ ತೆಗೆದು ನೋಡುತ್ತಾರಂತೆ. ಗೆರೆ ಅಳಿಸಿದರೂ ಅಷ್ಟು ಭಯವಿಲ್ಲವಂತೆ. ಅಣ್ಣಾರು ಎಲ್ಲಿ ಎಂದೆ. ಹೋದ ಚಳಿಗಾಲದಲ್ಲಿ ತೀರಿಕೊಂಡರು, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು ಎಂದರು ಅಲ್ಲಿನವರು.

ಆ ಸ್ಟೂಲು ಇನ್ನೂ ಅಲ್ಲೇ ಇತ್ತು. ಕೊನೆಯಲ್ಲಿ ಅವರಿಗೆ ‘ಇಲ್ಲೇ ಅದೀನ್ರಿ’ ಎನ್ನಲು ಯಾರಾದರೂ ಇದ್ದರೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.